ನಾಲ್ಕನೆಯ ಕಿಟಕಿ

ಜೂನ್ 3, ಮಂಗಳವಾರ

ಗೂಬೆಯಿಂದ ಮೇಲ್ ಬಂದಿದೆ. ಅವನ ನಿಜವಾದ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ. ಗುಂಡು ಹಾರಿಸುವ ಆ ಹಳೆಯ ಕಂಪ್ಯೂಟರ್ ಆಟಕ್ಕೆ ಸ್ವಂತ ಲೆವೆಲ್ (ಆಡುವ ಕೋಣೆ, ದಾರಿ ಎಲ್ಲ) ಕಟ್ಟುವ ನಮ್ಮಂಥ ಹುಚ್ಚರಿಗೆಂದು ಇಪ್ಪತ್ತು ವರ್ಷದಿಂದ ಒಂದು ಜಾಲತಾಣ ನಡೆಸುತ್ತಿದ್ದಾನೆ, ಅಷ್ಟೇ ಗೊತ್ತು. ಈಗಿನ ಮಕ್ಕಳು ಆ ಆಟ ನೋಡಿದರೆ ನಗುತ್ತಾರೆ. ಚೌಕ ಚೌಕದ ಗೋಡೆ, ಕಾಗದದಲ್ಲಿ ಕತ್ತರಿಸಿ ನಿಲ್ಲಿಸಿದಂಥ ರಾಕ್ಷಸರು, ಕೆಂಪು ಬಾಗಿಲಿಗೆ ಕೆಂಪು ಕೀಲಿ. ನಗಲಿ. ನಮಗೆ ಅದರ ರುಚಿಯೇ ಬೇರೆ.

ಹಳಬರೆಲ್ಲ ಸೇರಿ ಒಂದು ಸಂಗ್ರಹ ತರುತ್ತಾರಂತೆ. ತಲೆಗೊಂದು ಲೆವೆಲ್. ಕೊನೆಯ ದಿನ ಜುಲೈ 20. ಕೆಳಗೆ ಒಂದು ಸಾಲು ಸೇರಿಸಿದ್ದಾನೆ: "ಚಿಲಕ ಮತ್ತು ಕಿಟಕಿ ಜೋಡಿ ಮತ್ತೆ ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಿದ್ದಾರೆ."

ಚಿಲಕ ಅಂದರೆ ನಾನು. ಆಟಗಾರ ಕೋಣೆಯೊಳಗೆ ಕಾಲಿಟ್ಟ ಕೂಡಲೇ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಳ್ಳುವಂತೆ ಮಾಡುವುದು ನನ್ನ ಪದ್ಧತಿ. ಬಂದೆಯಾ? ಇನ್ನು ಒದ್ದಾಡು. ಕಿಟಕಿ ಅಂದರೆ ಅವನು, ನನ್ನ ತಮ್ಮ. ಮುಂದೆ ತಲುಪಬೇಕಾದ ಜಾಗವನ್ನು ಮೊದಲೇ ಒಂದು ಕಿಟಕಿಯಿಂದ ತೋರಿಸಿಬಿಡುತ್ತಾನೆ. ದೂರದಲ್ಲಿ ನೀಲಿ ಕೀಲಿ ಹೊಳೆಯುತ್ತಿರುತ್ತದೆ, ಕಾಣುತ್ತದೆ, ಕೈಗೆ ಸಿಗುವುದಿಲ್ಲ.

ಉತ್ತರ ಬರೆದೆ: "ಚಿಲಕ ಬರುತ್ತದೆ. ಕಿಟಕಿಯ ವಿಷಯ ಕಿಟಕಿಯನ್ನೇ ಕೇಳು." ಒಂಬತ್ತು ವರ್ಷದಿಂದ ಮಾತು ಬಿಟ್ಟವನು ಅವನು. ನಾನ್ಯಾಕೆ ಹಲ್ಲು ಗಿಂಜಿಕೊಂಡು ಹೋಗಲಿ? ಒಬ್ಬನೂ ಜೀವಸಹಿತ ಹೊರಗೆ ಬರಲಾಗದಂಥ ಲೆವೆಲ್ ಕಟ್ಟುತ್ತೇನೆ. ಚಿಲಕ ಒಂಟಿಯಾಗಿಯೂ ಬದುಕಿದೆ ಎಂದು ಎಲ್ಲರಿಗೂ ಗೊತ್ತಾಗಲಿ.

ಜೂನ್ 8, ಭಾನುವಾರ

ಹಳೆಯ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿದೆ. ಧೂಳಿಗೆ ಹತ್ತು ಸಲ ಸೀನಿದೆ. ಸತ್ತೇ ಹೋಗಿರುತ್ತದೆ ಎಂದುಕೊಂಡಿದ್ದೆ, ಗೊರ ಗೊರ ಅನ್ನುತ್ತ ಎದ್ದು ಕೂತಿತು.

ಅದರಲ್ಲಿ ನಾವಿಬ್ಬರೂ ಕೊನೆಗೆ ಕಟ್ಟುತ್ತಿದ್ದ ಲೆವೆಲ್ ಸಿಕ್ಕಿತು. ಫೈಲಿನ ಹೆಸರು "ಅರ್ಧ". ಅವನು ಇಟ್ಟ ಹೆಸರೇ. ಅಮ್ಮ ತೀರಿಹೋಗುವುದಕ್ಕೆ ಒಂದು ತಿಂಗಳು ಮೊದಲು ಅವನು ಕಳಿಸಿದ್ದು. ನಮ್ಮ ಲೆಕ್ಕ ಹಾಗಿತ್ತು: ಒಂದು ವಾರ ಫೈಲು ಅವನದು, ಒಂದು ವಾರ ನನ್ನದು. ಅವನು ರೈಲು ಓಡಿಸುವ ತರಬೇತಿಗೆ ದೂರ ಹೋದ ಮೇಲೂ ಇದೊಂದು ನಿಂತಿರಲಿಲ್ಲ.

ಅವನು ಕಟ್ಟುವುದು ಕೊನೆಯಿಂದ. ಮೊದಲು ಹೊರಹೋಗುವ ಬಾಗಿಲು ಇಡುತ್ತಾನೆ, ಅಲ್ಲಿಂದ ಹಿಂದೆ ಹಿಂದೆ ಬರುತ್ತಾನೆ. "ಹೊರಗೆ ಹೋಗೋ ದಾರಿ ಎಲ್ಲಿ ಅಂತ ಗೊತ್ತಿಲ್ದೆ ಒಬ್ಬನ್ನ ಒಳಗೆ ಹೇಗಕ್ಕ ಕರೀಲಿ?" ಎನ್ನುತ್ತಿದ್ದ. ನಾನು ನಡುವೆ ಒಂದು ಕೋಣೆ ಕಟ್ಟಿ, ಅದರ ತುಂಬ ರಾಕ್ಷಸರನ್ನು ತುಂಬಿ, ಆಮೇಲೆ ದಾರಿಯ ಯೋಚನೆ ಮಾಡುವವಳು. ಚಿಕ್ಕವರಿದ್ದಾಗ ಒಂದೇ ಸ್ಟೂಲಿನ ಮೇಲೆ ಇಬ್ಬರೂ ಅರ್ಧರ್ಧ ಕೂತು ಇದೇ ವಿಷಯಕ್ಕೆ ಕಿತ್ತಾಡುತ್ತಿದ್ದೆವು. ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ಆ ರಾಕ್ಷಸ್ರು ಕಾಯ್ತಾರೆ, ಅನ್ನ ಕಾಯಲ್ಲ. ಎದ್ದು ಬನ್ನಿ!"

ಗೋಡೆಗಳು ಗಟ್ಟಿಯಾಗಿವೆ. ಇದನ್ನೇ ಬಳಸುತ್ತೇನೆ. ಆರಂಭದಲ್ಲಿ ಪಕ್ಕಪಕ್ಕ ಎರಡು ಸಣ್ಣ ಕೋಣೆಗಳಿವೆ, ಇಬ್ಬರು ಜೊತೆಯಾಗಿ ಆಡುವಾಗ ಒಬ್ಬೊಬ್ಬರು ಒಂದೊಂದರಲ್ಲಿ ನಿಲ್ಲಲೆಂದು. ಸಂಗ್ರಹಕ್ಕೆ ಒಬ್ಬರು ಆಡುವ ಲೆವೆಲ್ ಸಾಕು. ಎರಡನೆಯವನು ನಿಲ್ಲುವ ಜಾಗದ ಗುರುತನ್ನು ಅಳಿಸಿಹಾಕಿದೆ. ಕೊನೆಯ ಕೋಣೆಗೆ ನಲವತ್ತು ರಾಕ್ಷಸರನ್ನು ಬಿಟ್ಟೆ. ಔಷಧಿ ಪೆಟ್ಟಿಗೆ ಒಂದೇ ಒಂದು.

ಜೂನ್ 11, ಬುಧವಾರ

ಚೌಕಳಿ ಅಂಗಿಗಳ ದೊಡ್ಡ ಆರ್ಡರ್. ದಿನವಿಡೀ ಕತ್ತರಿಸಿದೆ. ಬೆರಳು ಊದಿಕೊಂಡಿವೆ, ಇವತ್ತು ಆಟವಿಲ್ಲ.

ಜೂನ್ 15, ಭಾನುವಾರ

ನಾನು ಇಪ್ಪತ್ತು ವರ್ಷದಿಂದ ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಜೇಬಿನ ಚೌಕಳಿ ಎದೆಯ ಚೌಕಳಿಗೆ ಗೆರೆಗೆ ಗೆರೆ ಕೂಡದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಬಸ್ಸಿನಲ್ಲಿ ಎದುರು ಕೂತವರ ಅಂಗಿಯ ಹೊಲಿಗೆ ನೋಡಿ ಮನಸ್ಸಿನಲ್ಲೇ ಬೈದುಕೊಳ್ಳುತ್ತೇನೆ.

ಆ ಮಹಾರಾಯನಿಗೆ ಈ ಅಚ್ಚುಕಟ್ಟು ಯಾವತ್ತೂ ಇರಲಿಲ್ಲ. ಇವತ್ತು ಲೆವೆಲ್ಲಿನ ಒಳಗೆ ಸುತ್ತಾಡುವಾಗ ನೋಡಿದರೆ, ನಾಲ್ಕು ಕಡೆ ಗೋಡೆಯ ಇಟ್ಟಿಗೆ ಸಾಲುಗಳು ಪಕ್ಕದ ಗೋಡೆಗೆ ಕೂಡಿಯೇ ಇಲ್ಲ. ಅರ್ಧ ಇಟ್ಟಿಗೆಯಷ್ಟು ಪಕ್ಕಕ್ಕೆ ಜಾರಿವೆ. ಕಣ್ಣಿಗೆ ಚುಚ್ಚುತ್ತಿತ್ತು. ಲೆವೆಲ್ ಕಟ್ಟುವ ಎಡಿಟರಿನಲ್ಲಿ ಎಲ್ಲ ಗೋಡೆಗಳನ್ನೂ ಒಟ್ಟಿಗೆ ಆರಿಸಿ ಒಂದೇ ಏಟಿಗೆ ನೇರ ಮಾಡಿ ಉಳಿಸಿದೆ. ಈಗ ನೋಡಲು ಹಿತವಾಗಿದೆ. ರೈಲು ಹೇಗೆ ಹಳಿಯ ಮೇಲೆ ನಿಲ್ಲಿಸುತ್ತಾನೋ ದೇವರಿಗೇ ಗೊತ್ತು.

ಜೂನ್ 17, ಮಂಗಳವಾರ

ನನ್ನ ಕೈ ಮುರಿಯಬೇಕು.

ಇವತ್ತು ಕಾರ್ಖಾನೆಯಲ್ಲಿ ಗುಂಡಿಯಮ್ಮನ ಗಲಾಟೆ. ಕೋಟುಗಳಿಗೆ ಗುಂಡಿ ಹಾಕುವುದು ಅವರ ಕೆಲಸ, ವಯಸ್ಸು ಅರವತ್ತಾದರೂ ಗಂಟಲು ಮೂರು ಮಹಡಿಗೆ ಕೇಳುತ್ತದೆ. ಗುಂಡಿ ಎಲ್ಲಿ ಬರಬೇಕೆಂದು ನಾವು ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಒಂದೊಂದು ಸಡಿಲ ಹೊಲಿಗೆ ಹಾಕಿ ಗುರುತು ಮಾಡಿರುತ್ತೇವೆ. ಇಸ್ತ್ರಿಯವನು ಅದನ್ನೆಲ್ಲ ಕಸವೆಂದು ತಿಳಿದು ಹನ್ನೆರಡು ಕೋಟುಗಳಿಂದ ಚೊಕ್ಕವಾಗಿ ಕಿತ್ತುಹಾಕಿದ್ದ.

"ಗುರುತು ಕಿತ್ತಾಕಿದ್ಯಲ್ಲಪ್ಪಾ! ಈಗ ಗುಂಡಿ ಎಲ್ಲಿ ಹಾಕ್ಲಿ, ನಿನ್ನ ಹಣೆಗಾ?"

"ಸೊಟ್ಟಸೊಟ್ಟಗಿತ್ತು ಗುಂಡಿಯಮ್ಮ, ನೀಟಾಗಿರ್ಲಿ ಅಂತ..."

ಎಲ್ಲರೂ ನಕ್ಕರು. ನಾನು ಕತ್ತರಿ ಕೆಳಗಿಟ್ಟು ಹೋಗಿ ಮುಖ ತೊಳೆದುಕೊಂಡೆ.

ಆ ಜಾರಿದ ಇಟ್ಟಿಗೆಗಳು ಅವನ ಗುರುತು. ಹೇಗೆ ಮರೆತೆ? ಅವನ ವಾರ ಮುಗಿಯುವಾಗ, ಕಿಟಕಿ ಬೇಕಾದ ಗೋಡೆಯ ಇಟ್ಟಿಗೆಯನ್ನು ಅರ್ಧ ಸರಿಸಿ ಕಳಿಸುತ್ತಿದ್ದ. ನನ್ನ ವಾರದಲ್ಲಿ ನಾನು ಅಳತೆ ಮಾಡಿ ಕೊರೆಯಬೇಕು. "ಜಾಗ ನಂದು, ಅಳತೆ ನಿಂದು. ಸೊಟ್ಟ ಇದ್ರೆ ನಿನ್ನ ಕಣ್ಣಿಗೆ ಬೀಳದೆ ಇರತ್ತಾ ಅಕ್ಕ?" ಅಂದಿದ್ದ. ನಾಲ್ಕು ಗುರುತು. ಅಂದರೆ ನಾಲ್ಕು ಕಿಟಕಿ. ಒಂಬತ್ತು ವರ್ಷ ಆ ಡಬ್ಬದೊಳಗೆ ನನಗಾಗಿ ಕಾದಿದ್ದವು. ಎಲ್ಲೆಲ್ಲಿ ಎಂದು ಈಗ ಒಂದೂ ನೆನಪಿಗೆ ಬರುತ್ತಿಲ್ಲ. ಬೇರೆ ಪ್ರತಿಯೂ ಇಲ್ಲ.

ಜೂನ್ 18, ಬುಧವಾರ

ನೆನಪಾಗಲಿಲ್ಲ.

ಜೂನ್ 22, ಭಾನುವಾರ

ಆ ಆಟಕ್ಕೆ ಒಂದು ಗುಣವಿದೆ. ಆಡಿದ್ದನ್ನು ಅದು ದಾಖಲಿಸಿಡಬಲ್ಲದು. ಯಾವ ಗಳಿಗೆಯಲ್ಲಿ ಕೀಬೋರ್ಡಿನ ಯಾವ ಕೀ ಒತ್ತಿದರು ಎಂಬುದಷ್ಟನ್ನೇ ಬರೆದಿಟ್ಟುಕೊಳ್ಳುತ್ತದೆ. ಮತ್ತೆ ತೆರೆದರೆ ಆ ಮನುಷ್ಯ ಅವತ್ತು ನಡೆದ ಹಾಗೆಯೇ ಇವತ್ತೂ ನಡೆಯುತ್ತಾನೆ, ಅವನ ಕಣ್ಣಿನಿಂದಲೇ ನಾವೂ ನೋಡುತ್ತ ಹೋಗಬಹುದು. ಅವನು ನಮ್ಮ ಹಳೆಯ ಲೆವೆಲ್‌ಗಳನ್ನು ಆಡಿದ ಹನ್ನೊಂದು ದಾಖಲೆಗಳು ಸಿಕ್ಕವು. ಬೆಳಿಗ್ಗೆ ಏಳಕ್ಕೆ ಕೂತವಳು ಮಧ್ಯಾಹ್ನ ಎರಡಕ್ಕೆ ಎದ್ದೆ.

ತಮ್ಮ ಹೇಗೆ ನಡೆಯುತ್ತಿದ್ದ ಎಂಬುದು ನನಗೆ ಮರೆತೇಹೋಗಿತ್ತು. ಬಾಗಿಲಿಗೆ ನೇರವಾಗಿ ನುಗ್ಗುವುದೇ ಇಲ್ಲ, ಒಂದು ಪಕ್ಕದಿಂದ ಏಡಿಯಂತೆ ಸರಿದು ಇಣುಕುತ್ತಾನೆ. ಹೊಸ ಕೋಣೆಗೆ ಹೋದರೆ ಮೊದಲು ಹಿಂದಕ್ಕೆ ತಿರುಗಿ ಬಂದ ದಾರಿ ನೋಡುತ್ತಾನೆ. ಜೊತೆಯಲ್ಲಿ ಆಡುವಾಗ ನನ್ನನ್ನು ಕರೆಯಬೇಕೆಂದರೆ ಗೋಡೆಗೆ ಒಂದೇ ಒಂದು ಗುಂಡು ಹಾರಿಸುತ್ತಿದ್ದ. ಆ ಗುಂಡಿನ ಅರ್ಥ "ಅಕ್ಕ, ಇಲ್ಲಿ". ಒಂದು ದಾಖಲೆಯಲ್ಲಿ ನಾನೂ ಇದ್ದೇನೆ, ಹಸಿರು ಬಟ್ಟೆಯ ಬೊಂಬೆಯಾಗಿ. ಎಲ್ಲೋ ಕಳೆದುಹೋಗಿದ್ದೇನೆ. ಅವನು ಗುಂಡು ಹಾರಿಸಿ ನಿಂತಿದ್ದಾನೆ. ನಾನು ಬರುವ ತನಕ ಒಂದು ಹೆಜ್ಜೆಯೂ ಮುಂದೆ ಇಟ್ಟಿಲ್ಲ.

ಅವನ ಮೇಲೆ ಸಿಟ್ಟು ಬರಬೇಕಿತ್ತು. ಅಳು ಬಂತು. ತುಂಬ ನೋಡಬೇಕು ಅನಿಸುತ್ತಿದೆ ಅವನನ್ನು.

ಜೂನ್ 29, ಭಾನುವಾರ

ಈ ವಾರವೆಲ್ಲ ಬೆಳಿಗ್ಗೆ ಐದಕ್ಕೆ ಎದ್ದು, ಕೆಲಸಕ್ಕೆ ಹೋಗುವ ಮುಂಚೆ ತಮ್ಮನ ಹಾಗೆ ನಡೆದು ನೋಡಿದೆ. ಏಡಿಯಂತೆ ಸರಿದೆ. ಪ್ರತಿ ಕೋಣೆಯಲ್ಲೂ ಮೊದಲು ಹಿಂದೆ ತಿರುಗಿದೆ. ಇಲ್ಲಿ ಅವನಿದ್ದರೆ ಏನನ್ನು ನೋಡಲು ಆಸೆಪಡುತ್ತಿದ್ದ?

ಮೊದಲ ಕಿಟಕಿ ಸಿಕ್ಕಿತು. ನೀರಿನ ಕಾಲುವೆಯ ಪಕ್ಕದ ಗೋಡೆ. ಅದನ್ನು ಕೊರೆದರೆ ನೇರ ಆಚೆಗೆ ನೀಲಿ ಕೀಲಿ ಕಾಣುತ್ತದೆ. ಅಲ್ಲದೆ ಬೇರೆಲ್ಲಿ? ಎರಡನೆಯದು ಮೆಟ್ಟಿಲ ತಿರುವಿನಲ್ಲಿ, ಅಲ್ಲಿಂದ ಅಂಗಳದ ಆಕಾಶ ಕಾಣುತ್ತದೆ. ಎರಡನ್ನೂ ಅಳತೆಗೆ ಸರಿಯಾಗಿ ಕೊರೆದೆ.

ಕಿಟಕಿಯಿಂದ ನೋಡುತ್ತ ನಿಂತವನನ್ನು ಹಿಂದಿನಿಂದ ಕಚ್ಚುವುದು ಚೆನ್ನಾಗಿರುವುದಿಲ್ಲವೆಂದು ಅಲ್ಲಿದ್ದ ರಾಕ್ಷಸರನ್ನು ತೆಗೆದೆ. ಮೆಟ್ಟಿಲ ಬುಡದಲ್ಲಿ ಎರಡು ಔಷಧಿ ಪೆಟ್ಟಿಗೆ ಇಟ್ಟೆ.

ಜುಲೈ 6, ಭಾನುವಾರ

ಮೂರನೆಯದೂ ಸಿಕ್ಕಿತು. ಕೊನೆಯ ಕೋಣೆಯಲ್ಲಿ, ಹೊರಹೋಗುವ ಬಾಗಿಲಿನ ಎದುರು. ಹೊರಡುವವನು ಒಮ್ಮೆ ಹಿಂದೆ ತಿರುಗಿದರೆ ತಾನು ಬಂದ ಅಂಗಳವೆಲ್ಲ ಕಾಣಲಿ ಎಂದು. ಎಷ್ಟು ಅವನದೇ ಬುದ್ಧಿ! ಒಬ್ಬಳೇ ಕೂತು ಜೋರಾಗಿ ನಕ್ಕುಬಿಟ್ಟೆ.

ಚಿಕ್ಕಮ್ಮನ ಫೋನ್ ಬಂದಿತ್ತು. ನಮ್ಮಿಬ್ಬರ ನಡುವೆ ಸುದ್ದಿ ಸಾಗಿಸುವುದು ಅವಳೇ. ತಮ್ಮನ ಮಗಳಿಗೆ ಎರಡು ತುಂಬಿತಂತೆ. "ಫೋಟೋ ತೋರಿಸಿ ಎಲ್ಲರನ್ನೂ ಗುರುತು ಹಿಡಿಸ್ತಾನೆ ಕಣೆ. ಚಿಕ್ಕಜ್ಜಿ ಅಂದ್ರೆ ನನ್ನ ಫೋಟೋಗೆ ಬೆರಳಿಡತ್ತೆ."

"ನನ್ನ ಫೋಟೋ?" ಎಂದು ಕೇಳಿದೆ. ಕೇಳಬಾರದಿತ್ತು.

"ಅವನ ನಂಬರ್ ಕೊಟ್ಟು ಎಷ್ಟು ವರ್ಷ ಆಯ್ತು? ನಿನ್ನ ಬಟ್ಟೆ ಅಳತೆ ಪುಸ್ತಕದಲ್ಲಿ ಬರ್ಕೊಂಡು ಪೂಜೆ ಮಾಡ್ತಿದೀಯಾ?" ಎಂದು ಬೈದು ಫೋನ್ ಇಟ್ಟಳು.

ಜುಲೈ 9, ಬುಧವಾರ

ನಾಲ್ಕನೆಯದು ಸಿಗುತ್ತಿಲ್ಲ. ಹದಿನೇಳು ಗೋಡೆಗಳನ್ನು ಒಂದೊಂದಾಗಿ ಕೊರೆದು ನೋಡಿ ಮುಚ್ಚಿದೆ. ಕೆಲಸದಲ್ಲಿ ಎರಡು ತೋಳು ತಪ್ಪಾಗಿ ಕತ್ತರಿಸಿದೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ. "ಯಾರ್ ಮೇಲೆ ಧ್ಯಾನ?" ಎಂದರು ಗುಂಡಿಯಮ್ಮ. "ತಮ್ಮನ ಮೇಲೆ" ಎಂದೆ. ನನಗೆ ತಮ್ಮ ಇದ್ದಾನೆಂದೇ ಅವರಿಗೆ ಗೊತ್ತಿರಲಿಲ್ಲ.

ಜುಲೈ 13, ಭಾನುವಾರ

ಇವತ್ತು ಕಂಪ್ಯೂಟರ್ ತೆರೆಯಲಿಲ್ಲ. ಬರೆಯಬೇಕಾದದ್ದು ಬೇರೆ ಇದೆ.

ಅವನು ಮಾತು ಬಿಟ್ಟ ಎಂದು ಮೊದಲ ಪುಟದಲ್ಲಿ ಬರೆದಿದ್ದೇನೆ. ಹೌದು, ಬಿಟ್ಟ. ಯಾಕೆ ಎಂದು ಬರೆದಿಲ್ಲ.

ಅಮ್ಮನಿಗೆ ಇನ್ನು ನಾಲ್ಕೈದು ದಿನ ಎಂದು ಡಾಕ್ಟರ್ ಹೇಳಿದ್ದರು. ತಮ್ಮ ಫೋನ್ ಮಾಡಿದಾಗ "ಅಮ್ಮ ಗಂಜಿ ಕುಡಿದ್ಲು, ಮಲಗಿದ್ದಾಳೆ, ಆರಾಮಾಗಿದ್ದಾಳೆ" ಎಂದೆ. ಮಾರನೆಯ ದಿನವೂ ಹಾಗೇ ಎಂದೆ. ಅವನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನೆಂಟರಿಗೆಲ್ಲ ಹೇಳಿದೆ: ಅವನ ಕೊನೆಯ ಪರೀಕ್ಷೆ ಆ ವಾರವೇ ಇತ್ತು, ಕೆಡಬಾರದೆಂದು ಹೇಳಲಿಲ್ಲ. ಎಲ್ಲರೂ ಹೌದು ಹೌದು ಎಂದರು. ಅವನೊಬ್ಬನೇ ಗೇಟಿನ ಹತ್ತಿರ ನಿಂತು, "ನೋಡೋಕ್ಕೂ ಬಿಡ್ಲಿಲ್ಲ ಅಲ್ವಾ ನೀನು. ಇನ್ನು ನನಗೆ ಫೋನ್ ಮಾಡ್ಬೇಡ" ಎಂದು ಹೋದ.

ಪರೀಕ್ಷೆಗಾಗಿ ಅಲ್ಲ. ಆರು ವರ್ಷ ಅಮ್ಮನನ್ನು ನೋಡಿಕೊಂಡವಳು ನಾನು. ಮೀಯಿಸಿದವಳು, ಬಾಚಿದವಳು, ಉಣಿಸಿದವಳು ನಾನು. ಅವಳ ಮಂಚ ಕಿಟಕಿಯ ಪಕ್ಕ ಇತ್ತು, ಅಲ್ಲಿಂದ ಗೇಟು ಕಾಣುತ್ತಿತ್ತು. ನನ್ನ ಕೈಯಿಂದ ತುತ್ತು ತಿನ್ನುತ್ತ ಅವಳು ಗೇಟನ್ನೇ ನೋಡುತ್ತಿದ್ದಳು. "ಬಂದ್ನಾ?" ಎಂದು ಕೇಳುತ್ತಿದ್ದಳು. ಕೊನೆಯ ದಿನ ಮೂರು ಸಲ ಕೇಳಿದಳು. ಅದಕ್ಕೆ ಮೊದಲೇ ನನಗೆ ಹೊಟ್ಟೆ ಉರಿದುಹೋಗಿತ್ತು. ಕೊನೆಯ ನಾಲ್ಕು ದಿನವಾದರೂ ನನ್ನೊಬ್ಬಳನ್ನೇ ನೋಡಲಿ ಎಂದುಕೊಂಡೆ. ಗಾಳಿ ಬರುತ್ತದೆ ಎಂದು ನೆಪ ಹೇಳಿ ಕಿಟಕಿ ಮುಚ್ಚಿ ಚಿಲಕ ಹಾಕಿದೆ. ಆಮೇಲೆ ಅವಳು ಮುಚ್ಚಿದ ಕಿಟಕಿಯನ್ನೇ ನೋಡುತ್ತ ಮಲಗಿದಳು.

ಇದನ್ನು ಯಾರಿಗೂ ಹೇಳಿಲ್ಲ.

ಜುಲೈ 20, ಭಾನುವಾರ

ಕಳಿಸಿದೆ.

ಬೆಳಿಗ್ಗೆ ಕೊನೆಯ ಸಲ ಆಡಿ ನೋಡುವಾಗ, ಕೊನೆಯ ಕೋಣೆಯಲ್ಲಿ ಹಿಂದಿನ ಬಾಗಿಲು ಧಡಾರೆಂದು ಮುಚ್ಚಿಕೊಂಡದ್ದು ಯಾಕೋ ಹಿಡಿಸಲಿಲ್ಲ. ಅದನ್ನು ತೆರೆದೇ ಇರುವಂತೆ ಮಾಡಿದೆ. ರಾಕ್ಷಸರು ಈಗ ಒಂಬತ್ತೇ ಜನ, ಅದೂ ಸೋಮಾರಿಗಳು. ಎರಡನೆಯವನ ಗುರುತನ್ನು ಅವನ ಕೋಣೆಯಲ್ಲೇ ಮತ್ತೆ ಇಟ್ಟೆ, ಖಾಲಿ ಕೋಣೆ ನೋಡಲಾಗಲಿಲ್ಲ.

ನಾಲ್ಕನೆಯ ಕಿಟಕಿ ಸಿಗಲೇ ಇಲ್ಲ. ಕೊನೆಯ ಕೋಣೆಯ ಒಂದು ಗೋಡೆಯಲ್ಲಿ ಇಟ್ಟಿಗೆಯನ್ನು ಅರ್ಧ ಸರಿಸಿ ಬಿಟ್ಟೆ. ಇಷ್ಟು ವರ್ಷದಲ್ಲಿ ಬೇಕೆಂದೇ ಸೊಟ್ಟ ಮಾಡಿದ್ದು ಇದೇ ಮೊದಲು. ಗೂಬೆಗೆ ಬರೆದೆ: "ಇದು ಚಿಲಕದ್ದಲ್ಲ, ಇಬ್ಬರದೂ. ಕಿಟಕಿಯ ವಿಳಾಸ ನಿನ್ನ ಬಳಿ ಇದ್ದರೆ ಅವನಿಗೆ ಕಳಿಸು. ಅವನು ಒಪ್ಪದೆ ಪ್ರಕಟಿಸಬೇಡ." ಲೆವೆಲ್ಲಿನ ಜೊತೆಗಿಡುವ ಟಿಪ್ಪಣಿಯಲ್ಲಿ ಇಷ್ಟೇ ಬರೆದೆ: "ಗುರುತುಗಳನ್ನು ಅಳಿಸಿಬಿಟ್ಟೆ. ತಪ್ಪು ನನ್ನದು. ಒಂದು ಕಿಟಕಿ ಬಾಕಿ. ಎಲ್ಲಿ?"

ಜುಲೈ 27, ಭಾನುವಾರ

ಏನೂ ಇಲ್ಲ. ಗೂಬೆ ಮಾತ್ರ "ಕಳಿಸಿದ್ದೇನೆ, ಸಂಗ್ರಹವನ್ನು ಎರಡು ವಾರ ಮುಂದೆ ಹಾಕಿದ್ದೇನೆ" ಎಂದಿದ್ದಾನೆ. ಪಾಪ, ಒಳ್ಳೆಯವನು.

ಜುಲೈ 31, ಗುರುವಾರ

ಇಲ್ಲ.

ಆಗಸ್ಟ್ 3, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಬಂತು. ತಮ್ಮನ ವಿಳಾಸದಿಂದಲೇ. ಒಂದಕ್ಷರವೂ ಬರೆದಿಲ್ಲ. ಒಂದು ದಾಖಲೆ ಇದೆ, ಮೂವತ್ತೊಂದು ನಿಮಿಷದ್ದು.

ತೆರೆದೆ. ನಡೆದ. ಅದೇ ಏಡಿ ನಡಿಗೆ, ಸ್ವಲ್ಪ ನಿಧಾನ. ಮೊದಲ ಕಿಟಕಿಯ ಹತ್ತಿರ ನಿಂತ, ಕೀಲಿ ನೋಡಿದ. ಮೆಟ್ಟಿಲ ತಿರುವಿನಲ್ಲಿ ನಿಂತ, ಆಕಾಶ ನೋಡಿದ. ಕೊನೆಯ ಕೋಣೆಯ ಹೊಸ್ತಿಲು ದಾಟಿ ಒಳಗೆ ಬಂದು ಥಟ್ಟನೆ ಹಿಂದೆ ತಿರುಗಿದ. ಬಾಗಿಲು ಮುಚ್ಚಲಿಲ್ಲ. ಹೊರಗೆ ಹೋದ, ಮತ್ತೆ ಒಳಗೆ ಬಂದ. ಮತ್ತೆ ಹೊರಗೆ, ಮತ್ತೆ ಒಳಗೆ. ನನ್ನ ಲೆವೆಲ್ಲಿನಲ್ಲಿ ಬಾಗಿಲು ತೆರೆದೇ ಇರುತ್ತದೆಂದು ಅವನಿಗೆ ನಂಬಿಕೆಯೇ ಬರಲಿಲ್ಲ. ನಾನು ಅಳುತ್ತ ನಗುತ್ತ ಕೂತಿದ್ದೆ.

ನಾನು ಸೊಟ್ಟ ಮಾಡಿದ ಇಟ್ಟಿಗೆಯ ಎದುರು ಹೋಗಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಹೊರಹೋಗುವ ಬಾಗಿಲನ್ನು ಮುಟ್ಟದೆ ತಿರುಗಿ ನಡೆಯತೊಡಗಿದ. ಅಂಗಳ, ಮೆಟ್ಟಿಲು, ಕಾಲುವೆ, ಬಂದ ದಾರಿಯಲ್ಲೇ ವಾಪಸ್ಸು. ಆರಂಭದ ಜಾಗಕ್ಕೆ ಬಂದು, ಪಕ್ಕದ ಕೋಣೆಗೆ, ಎರಡನೆಯವನ ಕೋಣೆಗೆ ಹೋದ. ಎರಡು ಕೋಣೆಗಳ ನಡುವಿನ ಗೋಡೆಗೆ ಮುಖ ಮಾಡಿ ಒಂದೇ ಒಂದು ಗುಂಡು ಹಾರಿಸಿದ.

ಅಲ್ಲಿ! ಹೊರಡುವ ಮುಂಚೆ ಇಬ್ಬರೂ ಒಬ್ಬರನ್ನೊಬ್ಬರು ನೋಡಲೆಂದು. ಯಾರೂ ತಲುಪಬೇಕಾದ ಜಾಗವೇ ಅಲ್ಲವದು, ಅದಕ್ಕೇ ನನಗೆ ಹೊಳೆಯಲಿಲ್ಲ. ಹದಿನೇಳು ಗೋಡೆ ಕೊರೆದವಳು ಅದೊಂದನ್ನು ಮುಟ್ಟಲಿಲ್ಲ.

ಆಮೇಲೂ ದಾಖಲೆ ಮುಗಿಯಲಿಲ್ಲ. ಅವನು ಅಲ್ಲೇ ನಿಂತಿದ್ದ. ಹತ್ತೊಂಬತ್ತು ನಿಮಿಷ, ಒಂದು ಹೆಜ್ಜೆ ಆಚೀಚೆ ಆಗದೆ, ಆ ಗೋಡೆಯನ್ನು ನೋಡುತ್ತ. ನಾನೂ ಕದಲಲಿಲ್ಲ.

ಆಗಸ್ಟ್ 4, ಸೋಮವಾರ

ಬೆಳಿಗ್ಗೆ ಐದಕ್ಕೆ ಎದ್ದು ನಾಲ್ಕನೆಯ ಕಿಟಕಿ ಕೊರೆದೆ. ಫೈಲನ್ನು ಫೋನಿಗೆ ಹಾಕಿಕೊಂಡೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಾರ್ಖಾನೆಯ ಮೆಟ್ಟಿಲ ಮೇಲೆ ಕೂತು ಅಳತೆ ಪುಸ್ತಕದ ಹಿಂದಿನ ಪುಟ ತೆರೆದು ನಂಬರ್ ಒತ್ತಿದೆ. ಗುಂಡಿಯಮ್ಮ ಬಾಗಿಲಲ್ಲಿ ನಿಂತು ಯಾರನ್ನೂ ಈ ಕಡೆ ಬಿಡಲಿಲ್ಲ.

"ಹೇಳಕ್ಕ" ಎಂದ. ನಿನ್ನೆ ತಾನೇ ಮಾತಾಡಿದವನ ಹಾಗೆ.

ಕಲಿತುಕೊಂಡು ಬಂದಿದ್ದೆಲ್ಲ ಹಾರಿಹೋಯಿತು. "ಪರೀಕ್ಷೆಗೋಸ್ಕರ ಅಲ್ಲ ಕಣೋ. ಅಮ್ಮ ನಿನ್ನನ್ನೇ ಕೇಳ್ತಿದ್ಲು. ನನಗೆ ಅದು ತಡ್ಕೊಳಕ್ಕಾಗ್ಲಿಲ್ಲ. ಅದಕ್ಕೆ ಕರೀಲಿಲ್ಲ. ಕಿಟಕಿನೂ ಮುಚ್ಚಿದೆ" ಎಂದೆ.

ಆ ಕಡೆ ಎಲ್ಲೋ ಒಂದು ಮಗು ಏನನ್ನೋ ಬಡಿಯುತ್ತಿತ್ತು.

"ಎಷ್ಟು ಸಲ ಕೇಳಿದ್ಲು?"

"ಕೊನೇ ದಿನ ಮೂರು ಸಲ."

ಅವನು ಅತ್ತ. ದೊಡ್ಡ ದನಿಯಲ್ಲಿ, ಚಿಕ್ಕವನಿದ್ದಾಗ ಅಳುತ್ತಿದ್ದ ಹಾಗೆ. ನಾನು ಫೋನ್ ಇಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸಮಾಧಾನ ಹೇಳುವ ಬಾಯಿ ನನ್ನದಲ್ಲ. ಊಟದ ಬಿಡುವು ಮುಗಿದ ಗಂಟೆ ಬಾರಿಸಿತು, ಎಲ್ಲರೂ ಒಳಗೆ ಹೋದರು.

"ಕ್ಷಮಿಸು ಅಂತ ಇವತ್ತು ಕೇಳ್ಬೇಡ" ಎಂದ ಕೊನೆಗೆ.

"ಕೇಳಲ್ಲ."

ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಕಿಟಕಿ ಕೊರೆದ್ಯಾ?"

"ಕೊರೆದೆ. ಅಳತೆ ಸರಿ ಇದೆಯೋ ಇಲ್ವೋ..."

"ಫೈಲ್ ಕಳ್ಸು" ಎಂದ. "ಈ ವಾರ ನಂದು."

ಮೆಟ್ಟಿಲ ಮೇಲಿಂದಲೇ ಕಳಿಸಿದೆ.